ಮಾಲ್ಗುಡಿ ಯಾರಪ್ಪನದು?

‘ಮಾಲ್ಗುಡಿ ಅಂದ್ರೆ ನಮ್ಮ ಆಗುಂಬೆ. ಇದರಲ್ಲಿ ಮಾತಾಡೋಕೆ ಏನಿದೆ?’ ಅಂದ ಗುಂಡ. ತೀರ್ಥಹಳ್ಳಿ ಕಡೆಯವನು. ಊರಿನ ವಿಷಯ ಬಂದರೆ ಸುಮ್ನೆ ಕೂರುವ ಪೈಕಿ ಅಲ್ಲ.

‘ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಅಲ್ಲಿ ಕ್ಯಾಮೆರಾ ಇಟ್ಟರು ಅಂತ ಊರೇ ನಿಮ್ಮದಾಗಿಬಿಡ್ತಾ?’ ಅಂದರು ಮೇಷ್ಟ್ರು. ‘ಆರ್.ಕೆ. ನಾರಾಯಣ್ ಕಥೆಗಳಿಗೆ ಕಲ್ಪಿಸಿಕೊಂಡ ಊರು ಅದು, ಅವರು ಬರೆದಿದ್ದರಲ್ಲಿ ಸರಯೂ ನದಿ ಇದೆ, ಮರಳಿದೆ, ಬಿಸಿಲಿದೆ. ನಿಮ್ಮೂರಿನ ಮಳೆಯಲ್ಲಿ ಅವರ ಕಥೆಯ ಹುಡುಗ ಸ್ವಾಮಿ ಕ್ರಿಕೆಟ್ ಆಡೋದಿರಲಿ, ಟಾಸ್ ಹಾಕಿದ ಕಾಸೂ ಸಿಗ್ತಿರಲಿಲ್ಲ. ನಾರಾಯಣ್ ಇದ್ದಿದ್ದು ಮೈಸೂರಲ್ಲಿ. ಯಾದವಗಿರಿಯ ಮನೆ ಈಗ ಮ್ಯೂಸಿಯಂ ಆಗಿದೆ, ಹೋಗಿ ನೋಡು.’

‘ಇಬ್ಬರೂ ಸ್ವಲ್ಪ ನಿಲ್ಲಿಸ್ತೀರಾ? ನಾರಾಯಣ್ ತಲೆಗೆ ಮೊದಲು ಬಂದಿದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಊರು ಬೆಳೆದಿದ್ದು ಆಮೇಲೆ. ಧಾರಾವಾಹಿಯಲ್ಲಿ ಆ ಸ್ಟೇಷನ್ ಆಗಿದ್ದು ಅರಸಾಳು’ ಅಂದಳು ರಾಜಿ.

‘ಅರಸಾಳೂ ಶಿವಮೊಗ್ಗ ಜಿಲ್ಲೆನೇ!’ ಗುಂಡ ತೊಡೆ ತಟ್ಟಿದ. ಮೇಷ್ಟ್ರ ಮುಖ ಗಂಟಾಯಿತು.

ನನಗೆ ಮಜಾ ಅನಿಸುವುದೇ ಬೇರೆ. ಮೈಸೂರಿನಲ್ಲಿದ್ದ ಲೇಖಕ, ಕನ್ನಡದ ನಿರ್ದೇಶಕ, ಮಲೆನಾಡಿನ ಬೀದಿ, ತೆರೆ ಮೇಲೆ ಗಿರೀಶ್ ಕಾರ್ನಾಡ್, ಅನಂತ್ ನಾಗ್, ವಿಷ್ಣುವರ್ಧನ್, ಮಾಸ್ಟರ್ ಮಂಜುನಾಥ್. ಬಾಯಿ ಬಿಟ್ಟರೆ ಹಿಂದಿ! ದೂರದರ್ಶನ, ಇಡೀ ದೇಶಕ್ಕೆ ಅರ್ಥ ಆಗಬೇಕಲ್ಲ.

‘ನಮ್ಮಜ್ಜಿಗೆ ಹಿಂದಿ ಒಂದಕ್ಷರ ಬರ್ತಿರಲಿಲ್ಲ’ ಅಂದಳು ರಾಜಿ. ‘ಪೋಸ್ಟ್‌ಮ್ಯಾನ್ ಮುಖ ನೋಡಿದವಳೇ, ಇವ್ನು ಏನೋ ಕಾಗದ ಬಚ್ಚಿಟ್ಟಿದಾನೆ ಕಣೇ ಅಂದ್ಬಿಟ್ಟಳು.’

ಅದು ‘ದ ಮಿಸ್ಸಿಂಗ್ ಮೇಲ್’ ಕಥೆ. ಹುಡುಗಿಯ ಮದುವೆಗೆ ಬೇರೆ ಮುಹೂರ್ತವಿಲ್ಲ. ಅಷ್ಟರಲ್ಲಿ ಅವಳಪ್ಪನ ಚಿಕ್ಕಪ್ಪನಿಗೆ ಸೀರಿಯಸ್ ಅಂತ ಕಾರ್ಡು ಬರುತ್ತೆ, ಹಿಂದೆಯೇ ಸತ್ತರು ಅಂತ ತಂತಿ. ಪೋಸ್ಟ್‌ಮ್ಯಾನ್ ತಾನಪ್ಪ ಎರಡನ್ನೂ ಹತ್ತಿರ ಇಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದು ಕೊಡ್ತಾನೆ. ಬೇಕಾದ್ರೆ ದೂರು ಕೊಡಿ, ಕೆಲಸದಿಂದ ತೆಗೀತಾರೆ ಅಂತಾನೆ. ಆ ಅಪ್ಪ ದೂರು ಕೊಡಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಅಂತಾನೆ. ಅಲ್ಲಿಗೆ ಮುಗೀತು.

‘ತಪ್ಪೇ ಮಾಡಿದ್ದು. ಸಾವಿನ ಸುದ್ದಿ ಮುಚ್ಚಿಡೋಕೆ ಇವನ್ಯಾರು?’ ಮೇಷ್ಟ್ರು ಅಂದರು.

‘ಮೇಷ್ಟ್ರೇ, ಅದು ನಿಮ್ಮ ಮಗಳ ಮದುವೇನೇ ಆಗಿದ್ರೆ?’ ಅಂದಳು ರಾಜಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕ ಶುಭ್ರವಾಗಿಯೇ ಇತ್ತು.

‘ಈಗಾದ್ರೆ ತಾನಪ್ಪಂಗೆ ಕೆಲಸವೇ ಇಲ್ಲ’ ಅಂದ ಗುಂಡ. ‘ಫ್ಯಾಮಿಲಿ ಗ್ರೂಪಲ್ಲಿ ಮೊದಲು ಓಂ ಶಾಂತಿ ಬರುತ್ತೆ. ಸತ್ತಿದ್ದು ಯಾರು ಅಂತ ಆಮೇಲೆ ಗೊತ್ತಾಗುತ್ತೆ.’

ಇದೇ ಕಥೆ ಇವತ್ತಿನವರ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ಯೋಚಿಸಿದರೆ ಭಯ. ತಾನಪ್ಪನ ಮೇಲೆ ಇಲಾಖಾ ತನಿಖೆ, ಚಿಕ್ಕಪ್ಪನ ಆಸ್ತಿಗೆ ಮೂರು ಜನ ವಾರಸುದಾರರು, ಹತ್ತನೇ ಕಂತಿನಲ್ಲಿ ಚಿಕ್ಕಪ್ಪ ಜೀವಂತ! ಶಂಕರ್ ನಾಗ್ ಒಂದು ಕಂತಿನಲ್ಲಿ ಹೇಳಿ ಮುಗಿಸಿದರು. ತಾನಪ್ಪ ಮಾಡಿದ್ದು ಸರಿಯಾ ಅನ್ನೋದನ್ನ ನೋಡಿದವರ ತಲೆಗೆ ಕಟ್ಟಿ ಹೋದರು. 1986ರಲ್ಲಿ ಮಾಡಿದ್ದು, ನಾವು ಈಗಲೂ ಕಿತ್ತಾಡ್ತಿದೀವಿ.

‘ನಾವೇ ನಾರಾಯಣ್ ಕಥೆ ಒಂದನ್ನ ನಾಟಕ ಮಾಡೋಣ್ವಾ? ಎಂಜಿನ್ ಟ್ರಬಲ್’ ಅಂದಳು ರಾಜಿ. ಲಾಟರಿಯಲ್ಲಿ ರೋಡ್ ರೋಲರ್ ಗೆದ್ದವನ ಪಾಡು. ನಿಲ್ಲಿಸಿದ ಜಾಗಕ್ಕೆ ಮುನಿಸಿಪಾಲಿಟಿಯವರು ಬಾಡಿಗೆ ಕೇಳ್ತಾರೆ, ಕದಲಿಸೋಕೆ ದೇವಸ್ಥಾನದ ಆನೆ ಜೊತೆಗೆ ಐವತ್ತು ಕೂಲಿಗಳು ಬೇಕಾಗುತ್ತೆ, ಎಳೆದ ರಭಸಕ್ಕೆ ಯಾರದೋ ಗೋಡೆ ಬೀಳುತ್ತೆ, ಅದರ ದುಡ್ಡೂ ಇವನೇ ಕೊಡಬೇಕು.

ಪಾತ್ರ ಹಂಚಿದೆವು. ಮೇಷ್ಟ್ರು ಮುನಿಸಿಪಾಲಿಟಿ. ನಾನು ಗೋಡೆಯ ಯಜಮಾನ. ನಿರ್ದೇಶನ ರಾಜಿಯದು.

‘ನನಗೆ ಡೈಲಾಗ್ ಕಮ್ಮಿ ಇರೋದು ಕೊಡ್ರಪ್ಪ. ಜಾಸ್ತಿ ಓಡಾಟಾನೂ ಬೇಡ’ ಅಂದ ಗುಂಡ, ಕೂತಲ್ಲಿಂದಲೇ.

‘ಸರಿ ಹಾಗಾದ್ರೆ, ರೋಡ್ ರೋಲರ್ ನೀನೇ’ ಅಂದಳು ರಾಜಿ. ‘ಇನ್ನು ಆನೆ ಒಂದು ಹುಡುಕಬೇಕು.’