ರಾಜನ ಕಣ್ಣು

ನಿನ್ನೆ ವೇಷ ಹಾಕಿಸಿ ತೆಗೆದ 240 ಫೋಟೋಗಳನ್ನು ನೋಡಲು ಆರೂ ಜನ ಲ್ಯಾಪ್‌ಟಾಪ್ ಸುತ್ತ ಕೂತಿದ್ದೆವು. ನಲವತ್ತನೆಯದಕ್ಕೆ ಬರುವಷ್ಟರಲ್ಲಿ ಎಲ್ಲರ ಮಾತೂ ನಿಂತುಹೋಗಿತ್ತು. ಕೊನೆಗೆ ರಾಜನೇ ಬಾಯಿ ಬಿಟ್ಟ.

"ನನ್ನ ಕಣ್ಣು ಎಲ್ಲಿ?"

ಅವನ ನಿಜವಾದ ಹೆಸರು ಬೇರೆ. ಒಂದು ದಿನ ಕಿರೀಟ ಇಟ್ಟುಕೊಂಡ ಮೇಲೆ ನಾವು ಹಾಗೇ ಕರೆಯುತ್ತಿದ್ದೇವೆ, ಅವನೂ ಬೇಡ ಅಂದಿಲ್ಲ. ಪರದೆಯ ಮೇಲೆ ಕಿರೀಟ ಝಗಝಗ ಹೊಳೆಯುತ್ತಿದೆ. ಮೂಗಿನ ಕೆಳಗೆ ನುಣ್ಣಗೆ ಬೋಳಿಸಿದ ಜಾಗದಲ್ಲಿ ಮೀಸೆಯಂಥ ನೆರಳು. ಕಣ್ಣಿರಬೇಕಾದ ಕಡೆ ಎರಡು ಕಪ್ಪು ಗುಳಿ.

"ಇದೆ ಇದೆ. ಸ್ವಲ್ಪ ಒಳಗಿದೆ," ಅಂದೆ. ಫೋಟೋ ತೆಗೆದವನು ನಾನೇ ಆದ್ದರಿಂದ ದನಿ ಮೇಲೇಳಲಿಲ್ಲ.

"ಸೂರ್ಯ ನೆತ್ತಿ ಮೇಲಿದ್ದಾಗ ನಿಲ್ಲಿಸಿದ್ದೀಯ. ಹುಬ್ಬು ಒಂದು ಸಜ್ಜ, ಅದರ ಮೇಲೆ ಕಿರೀಟದ ಅಂಚು ಇನ್ನೊಂದು ಸಜ್ಜ. ಕಣ್ಣಿಗೆ ಬೆಳಕು ಎಲ್ಲಿಂದ ಬರಬೇಕು?" ಎಂದರು ಮೇಷ್ಟ್ರು. ಫಿಲಂ ಕಾಲದಿಂದ ಕ್ಯಾಮೆರಾ ಹಿಡಿದವರು ನಮ್ಮಲ್ಲಿ ಅವರೊಬ್ಬರೇ.

"ಸೂರ್ಯ ಅಷ್ಟು ದೊಡ್ಡದಲ್ವಾ ಮೇಷ್ಟ್ರೇ?" ಕಿನ್ನರಿ ಕೇಳಿದಳು. ರೆಕ್ಕೆಯ ಅಂಟು ಇನ್ನೂ ಬಿಟ್ಟಿರಲಿಲ್ಲ, ಬೆನ್ನು ಕೆರೆದುಕೊಳ್ಳುತ್ತಲೇ ಇದ್ದಳು.

"ದೊಡ್ಡದೇ ಕಣಮ್ಮ. ಆದರೆ ಇಲ್ಲಿಂದ ಕಾಣೋದು ಅರ್ಧ ಡಿಗ್ರಿ. ಕೈ ಚಾಚಿ ಕಿರುಬೆರಳು ಹಿಡಿದರೆ ಅದರ ಅರ್ಧದಲ್ಲೇ ಮುಚ್ಚಿಹೋಗುತ್ತದೆ. ದೀಪ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪು. ದಪ್ಪ ಮೋಡ ಅಡ್ಡ ಬಂದರೆ ಆಕಾಶವೇ ದೀಪ, ನೆರಳು ಕರಗಿಹೋಗುತ್ತದೆ."

"ಮೋಡಕ್ಕೆ ಮೊದಲೇ ಹೇಳಿಡಬೇಕಿತ್ತು," ಎಂದ ರೋಬೋಟ್.

ಐವತ್ತರಿಂದ ಮುಂದೆ ಕಣ್ಣಿನ ಸಮಸ್ಯೆ ಬೇರೆ ರೂಪ ತಾಳಿತ್ತು. "ಮುಖ ಮೇಲೆತ್ತು, ಸೂರ್ಯನ ಕಡೆ ನೋಡು" ಎಂದು ನಾನೇ ಹೇಳಿದ್ದೆ. ನೆರಳು ಹೋಗಿದೆ ನಿಜ. ಆದರೆ ರಾಜ ಕಣ್ಣು ಕಿರಿದು ಮಾಡಿ, ಮೂಗು ಸುಕ್ಕಿಸಿ, ರಾಜ್ಯದಲ್ಲೆಲ್ಲೋ ಏನೋ ಕೊಳೆತಿದೆ ಅನ್ನುವಂತೆ ನಿಂತಿದ್ದಾನೆ.

"ಅದಕ್ಕೊಂದು ಉಪಾಯ ಇತ್ತಲ್ವಾ?" ಎಂದಳು ಮೇಕಪ್ ಅಕ್ಕ. "ಕಣ್ಣು ಮುಚ್ಚಿಕೊಂಡು ಕಾಯೋದು, ಮೂರು ಎಣಿಸಿದಾಗ ತೆಗೆಯೋದು, ಮತ್ತೆ ಮುಚ್ಚುವುದರೊಳಗೆ ಕ್ಲಿಕ್."

"ಮಾಡಿದ್ವಿ ಅಕ್ಕಾ. ಇವನು ಮೂರಕ್ಕೆ ಕ್ಲಿಕ್ ಮಾಡಿದ. ನಾನು ಮೂರು ಮುಗಿದ ಮೇಲೆ ಕಣ್ಣು ಬಿಟ್ಟೆ." ರಾಜ ನನ್ನ ಕಡೆ ಬೆರಳು ತೋರಿಸಿದ.

ಅಲ್ಲಿ ಹದಿಮೂರು ಫೋಟೋ. ಹದಿಮೂರರಲ್ಲೂ ರಾಜ ನಿದ್ದೆಯಲ್ಲಿದ್ದಾನೆ. ಕತ್ತಿ ಮಾತ್ರ ಎತ್ತಿ ಹಿಡಿದಿದ್ದಾನೆ.

ಕಿನ್ನರಿಯ ಸರದಿ ಬಂತು. ಅವಳದು ಬೆಳ್ಳನೆಯ ಉಡುಪು, ಅಂಚಿಗೆಲ್ಲ ಮೂರು ವಾರ ಕೂತು ಅವಳೇ ಹೊಲಿದ ಸಣ್ಣ ಹೂಗಳು. ಫೋಟೋದಲ್ಲಿ ಒಂದು ಹೂವೂ ಇಲ್ಲ. ಹಾಸಿಗೆಯ ಹೊದಿಕೆಗೆ ತಲೆ ಇಟ್ಟಂತಿದೆ.

"ಬಿಸಿಲಲ್ಲಿ ಕ್ಯಾಮೆರಾದ ಪರದೆ ಕಪ್ಪಾಗಿ ಕಾಣ್ತಿತ್ತು. ಸುಮ್ನೆ ಬೆಳಕನ್ನು ಒಂದೆರಡು ಸ್ಟಾಪ್ ಏರಿಸಿದೆ, ಒಂದೊಂದು ಸ್ಟಾಪಿಗೂ ಎರಡರಷ್ಟು," ಎಂದೆ.

"ಬಿಸಿಲಲ್ಲಿ ಆ ಪರದೆಯನ್ನು ನಂಬುತ್ತಾರೇನೋ?" ಎಂದರು ಮೇಷ್ಟ್ರು. "ಹಿಸ್ಟೋಗ್ರಾಮ್, ಅಂದರೆ ಫೋಟೋದ ಕಪ್ಪು-ಬಿಳುಪಿನ ನಕ್ಷೆ, ಬಲಗಡೆ ಗೋಡೆಗೆ ಹತ್ತಿದೆಯಾ ಅಂತ ನೋಡಬೇಕಿತ್ತು. ಬಿಳುಪು ಒಡೆದು ವಿವರ ಅಳಿಸಿಹೋದ ಕಡೆ ಮಿನುಗುವ ಹಾಗೆ ಕ್ಯಾಮೆರಾದಲ್ಲೇ ಸೆಟ್ಟಿಂಗ್ ಇರುತ್ತದೆ."

"ಮಿನುಗುತ್ತಿತ್ತು. ನಾನು ಅವಳ ಉಡುಪೇ ಮಿನುಗುತ್ತಿದೆ ಅಂದುಕೊಂಡೆ."

ಕಿನ್ನರಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಮುಂದಿನ ಫೋಟೋದಲ್ಲಿ ಅವಳು ಹುಲ್ಲಿನ ಮೇಲೆ ಮೊಣಕಾಲೂರಿದ್ದಾಳೆ. ಬಿಸಿಲು ಹುಲ್ಲಿಗೆ ಬಡಿದು ಕೆಳಗಿನಿಂದ ಗಲ್ಲಕ್ಕೆ ಹಸಿರು ಮೆತ್ತಿದೆ. ಅಕ್ಕ ಎದ್ದು ಹೋಗಿ ನೀರು ಕುಡಿದು ಬಂದಳು. ಆ ಮುಖಕ್ಕೆ ಬಣ್ಣ ಹಚ್ಚಿದವಳು ಅವಳು.

ರೋಬೋಟ್‌ನ ಎದೆಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದೆವು. ಅದರ ನಟ್ಟನಡುವೆ ಕೆಂಪು ಅಂಗಿ ತೊಟ್ಟ ಒಬ್ಬ ಮನುಷ್ಯ ಬಗ್ಗಿ ನಿಂತಿದ್ದಾನೆ. ನಾನೇ.

"ಪೋಲರೈಸರ್ ಫಿಲ್ಟರ್ ಹಾಕಿದ್ದೆ ಮೇಷ್ಟ್ರೇ, ಎಷ್ಟು ತಿರುಗಿಸಿದರೂ ಹೋಗಲಿಲ್ಲ."

"ಬಣ್ಣ ಬಳಿದದ್ದು, ಪ್ಲಾಸ್ಟಿಕ್ಕು, ಎಲೆ, ನೀರು, ಇವುಗಳ ಹೊಳಪನ್ನು ಅದು ಇಳಿಸುತ್ತದೆ. ಬರೀ ಲೋಹಕ್ಕೆ ಹೆಚ್ಚೇನೂ ಮಾಡದು. ಕಪ್ಪು ಅಂಗಿ ಹಾಕಿಕೊಂಡು ಹೋಗಬೇಕಿತ್ತು. ಇಲ್ಲವಾದರೆ ಅವನನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಬೇಕಿತ್ತು."

"ಓರೆಯಾಗಿ ತಿರುಗೋಕೆ ನನಗೆ ಮೊಣಕಾಲು ಮಡಚಬೇಕು. ಮೊಣಕಾಲಿಗೆ ಪೈಪು ಹಾಕಿದ್ರಿ," ಎಂದ ರೋಬೋಟ್.

ಬಿಸಿಲನ್ನು ಮುಖಕ್ಕೆ ತಿರುಗಿಸುವ ರಿಫ್ಲೆಕ್ಟರ್ ಕತೆ ಬೇಗ ಮುಗಿಸುತ್ತೇನೆ. ಅದನ್ನು ಅಕ್ಕ ಹಿಡಿದಿದ್ದಳು. ಬೆಳ್ಳಿ ಬಣ್ಣದ ಕಡೆ ತಿರುಗಿಸಿದಾಗ ರಾಜ "ಅಯ್ಯೋ" ಎಂದು ಕೂಗಿದ, ಎರಡನೇ ಸೂರ್ಯ ಹುಟ್ಟಿತು ಅಂತ. ಬಿಳಿ ಕಡೆಯೇ ಸಾಕಿತ್ತು. ಮೊಣಕಾಲ ಹತ್ತಿರ ಹಿಡಿದಾಗ ಮುಖ ದೆವ್ವದ ಹಾಗಾಯಿತು, ಎದೆಮಟ್ಟಕ್ಕೆ ಎತ್ತಿದಾಗ ಗಾಳಿ ಬಂತು. ಆಮೇಲೆ ಅದು ಸಿಕ್ಕಿದ್ದು ರೋಬೋಟ್‌ನ ಬೆನ್ನಿಗೆ.

ಫ್ಲ್ಯಾಶ್ ಹಾಕಿದ ಫೋಟೋಗಳು ನನ್ನ ಹೆಮ್ಮೆಯಾಗಬೇಕಿತ್ತು. ರಾಜನ ಬೆನ್ನಿಗೆ ಬಿಸಿಲು, ಮುಖಕ್ಕೆ ಫ್ಲ್ಯಾಶ್, ಕೂದಲಂಚಿಗೆ ಬೆಳಕಿನ ಗೆರೆ, ಹಿಂದಿನದೆಲ್ಲ ಮಸುಕು. ಮಸುಕು ಬೇಕಲ್ಲ ಅಂತ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್/2ಕ್ಕೆ ಅಗಲವಾಗಿ ತೆರೆದಿದ್ದೆ.

"ಶಟರ್ ಎಷ್ಟಿತ್ತು?"

"1/6400 ಸೆಕೆಂಡ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ಪಾಠ ಶುರು ಅಂತ ಅರ್ಥ. "ಚೊಕ್ಕ ಬಿಸಿಲಲ್ಲಿ ಎಫ್/16, ಬೆಳಕಿಗೆ ಸಂವೇದನೆ, ಅಂದರೆ ಐಎಸ್‌ಒ, 100, ಶಟರ್ 1/100. ಇದು ಹಳೇ ಲೆಕ್ಕ. ನೀನು ಅಪರ್ಚರ್ ಆರು ಸ್ಟಾಪ್ ತೆರೆದೆ, ಶಟರ್ ಅಷ್ಟೇ ಓಡಬೇಕು. 1/6400 ಸರಿಯಾಗೇ ಇದೆ. ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಶಟರ್ ಜೊತೆ ಹೆಜ್ಜೆ ಹಾಕೋದು 1/200, 1/250ರ ತನಕ. ಅದಕ್ಕಿಂತ ಜೋರಾದರೆ ಶಟರಿನ ಪರದೆ ಪೂರ್ತಿ ತೆರೆಯೋದೇ ಇಲ್ಲ. ಒಂದು ಸೀಳು ಮಾತ್ರ ಸರಿದುಹೋಗುತ್ತದೆ."

"ಅದಕ್ಕೇ ರಾಜನಿಗೆ ಒಂದು ಪಟ್ಟಿಯಷ್ಟೇ ಬೆಳಕಾ?" ಅಕ್ಕ ಪರದೆಗೆ ಮುಖ ತಂದಳು. ಅವಳೆಂದದ್ದು ಸರಿ. ಕಿರೀಟದ ತುದಿಗೊಂದು ಪಟ್ಟಿ ಬೆಳಕು, ಅದರ ಕೆಳಗೆಲ್ಲ ಕತ್ತಲು. ಕಿರೀಟದ ತುದಿ ಬಹಳ ಚೆನ್ನಾಗಿ ಬಂದಿದೆ.

"ಐದು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದ್ದರೆ ಶಟರ್ 1/200ಕ್ಕೆ ಇಳೀತಿತ್ತು. ಲೆನ್ಸಿಗೆ ಕಪ್ಪು ಕನ್ನಡಕ ಅಷ್ಟೇ. ಇಲ್ಲಾಂದ್ರೆ ಹೈಸ್ಪೀಡ್ ಸಿಂಕ್, ಸೀಳು ಸರಿಯುವಷ್ಟು ಹೊತ್ತೂ ಫ್ಲ್ಯಾಶ್ ಪಟಪಟ ಮಿನುಗುತ್ತಿರುತ್ತದೆ. ಅದರಲ್ಲಿ ಫ್ಲ್ಯಾಶಿನ ಜೋರು ತಗ್ಗುತ್ತದೆ, ಹತ್ತಿರ ತಂದು ಹಿಡಿಯಬೇಕು."

"ಇದೆಲ್ಲ ಯಾಕೆ ಬೇಕು?" ಎಂದ ರಾಜ. "ಬೆಳಿಗ್ಗೆ ಸೂರ್ಯ ಹುಟ್ಟಿದ ಕೂಡಲೇ ತೆಗೆದರೆ ಮುಗೀತಲ್ಲ. ಬೆಳಕು ಓರೆಯಾಗಿ ಬರುತ್ತೆ, ಬಣ್ಣವೂ ಚಂದ."

"ತೆಗೆಯೋಣ," ಎಂದಳು ಅಕ್ಕ. "ನಿನ್ನ ವಿಗ್ಗು, ಗಡ್ಡ, ಕವಚಕ್ಕೆ ಎರಡೂವರೆ ಗಂಟೆ. ಇವನ ಹಾಳೆ ಅಂಟಿಸೋಕೆ ಒಂದು ಗಂಟೆ. ರೆಕ್ಕೆ ಮುಕ್ಕಾಲು ಗಂಟೆ. ರಾತ್ರಿ ಎಷ್ಟು ಗಂಟೆಗೆ ಬಂದು ಕೂರ್ತೀಯ ಹೇಳು."

ರಾಜ ಬೆರಳು ಮಡಚಿ ಲೆಕ್ಕ ಹಾಕಿದ. ಬೆರಳುಗಳನ್ನು ಹಾಗೇ ಬಿಡಿಸಿದ.

"ಹಾಗಾದರೆ ಸಂಜೆ?"

"ಸಂಜೆ ಆ ಬೆಳಕು ನಿಲ್ಲೋದೇ ಒಂದು ಗಂಟೆ," ಎಂದ ರೋಬೋಟ್. "ಮೊದಲು ರಾಜ, ಆಮೇಲೆ ಕಿನ್ನರಿ. ನನ್ನ ಸರದಿಗೆ ಟಾರ್ಚ್ ಹುಡುಕ್ತೀರಿ. ನನಗೆ ಮಧ್ಯಾಹ್ನವೇ ಇರಲಿ."

ಅಷ್ಟರಲ್ಲಿ ಕಿನ್ನರಿ 238ನೆಯ ಫೋಟೋದಲ್ಲಿ ನಿಂತಳು. ಎಲ್ಲ ಮುಗಿದು ಸಾಮಾನು ಕಟ್ಟುವಾಗ, ಗೋಡೆಯ ನೆರಳಿನ ಅಂಚಿನಲ್ಲಿ ರಾಜ ಉಸ್ಸಪ್ಪಾ ಅಂತ ಕೂತಿದ್ದ. ಸುಮ್ನೆ ಒಂದು ಒತ್ತಿದ್ದೆ. ಎದುರಿನ ತೆರೆದ ಆಕಾಶದಿಂದ ಮುಖಕ್ಕೆ ಹದವಾದ ಬೆಳಕು ಬಿದ್ದಿದೆ. ಗಡ್ಡದ ಒಂದೊಂದು ಎಳೆಯೂ ಕಾಣುತ್ತದೆ. ಎರಡು ಕಣ್ಣು, ಎರಡರಲ್ಲೂ ಬೆಳಕಿನ ಚುಕ್ಕೆ.

"ನೋಡಿದೆಯಾ? ಫ್ಲ್ಯಾಶೂ ಇಲ್ಲ, ಫಿಲ್ಟರೂ ಇಲ್ಲ," ಎಂದರು ಮೇಷ್ಟ್ರು. "ಮೂರು ಹೆಜ್ಜೆ ಹಿಂದೆ ನಿಲ್ಲಿಸಿದ್ದರೆ ಸಾಕಿತ್ತು. ನೆರಳು ನೀಲಿ ಬಡಿಯುತ್ತದೆ, ವೈಟ್ ಬ್ಯಾಲೆನ್ಸ್ ಬದಲಿಸಿ ಬಣ್ಣ ಸ್ವಲ್ಪ ಬೆಚ್ಚಗೆ ಮಾಡು."

ಎಲ್ಲರೂ ಪರದೆಗೆ ಬಗ್ಗಿದರು. ನಾನು ಎದೆ ಉಬ್ಬಿಸಿಕೊಂಡು ರಾಜನ ಕಡೆ ನೋಡಿದೆ. ಅವನು ತನ್ನ ಕಣ್ಣುಗಳನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದ.

"ಚೆನ್ನಾಗಿದೆ ಕಣೋ," ಎಂದ. "ಕಿರೀಟ ಎಲ್ಲಿ?"