ಒಟಿ (ಆಕ್ಯುಪೇಷನಲ್ ಥೆರಪಿ) ಮಾಡಿಸಿದವರು ಯಾರಾದರೂ ಇದ್ದೀರಾ? ಕೊಡಗಿನವರು ಹೇಳಿ

ನಾಪೋಕ್ಲಿನಿಂದ ಕೇಳುತ್ತಿದ್ದೇನೆ. ಮಗನಿಗೆ ಆರು ವರ್ಷ. ಶರ್ಟಿನ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಎರಡು ಸಾಲು ಬರೆದರೆ ಕೈ ನೋವು. ಸ್ವೆಟರ್ ತಾಗಿದರೆ ಅಳು. ಮಕ್ಕಳ ಡಾಕ್ಟರು ಆಕ್ಯುಪೇಷನಲ್ ಥೆರಪಿ, ಅಂದರೆ ಉಡುವುದು, ಉಣ್ಣುವುದು, ಬರೆಯುವುದು ಇಂಥ ದಿನದ ಕೆಲಸ ಕಲಿಸುವ ಚಿಕಿತ್ಸೆ, ಮಾಡಿಸಿ ಎಂದರು. ಮನೆಯಲ್ಲಿ ಮಾವನಿಗೂ ಸ್ಟ್ರೋಕ್ ಆಗಿ ಬಲಗೈ ಏಳುತ್ತಿಲ್ಲ. ಮೈಸೂರಿಗೆ ಓಡಾಡಿದರೆ ಉಪಯೋಗ ಇದೆಯಾ?

ಸೋಮವಾರಪೇಟೆಯಿಂದ:
ನನ್ನ ಮಗಳದ್ದೂ ಇದೇ ಕಥೆ. ಉಪಯೋಗ ಖಂಡಿತ ಇದೆ, ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ದಿನಾ ಮಾಡಿಸಿದರೆ. ಥೆರಪಿಸ್ಟ್ ಮೊದಮೊದಲು ಪೆನ್ಸಿಲ್ ಮುಟ್ಟಿಸಲೇ ಇಲ್ಲ. ಭುಜ, ಮಣಿಕಟ್ಟು ಗಟ್ಟಿಯಾಗದೆ ಬೆರಳು ಸರಿಯಾಗಿ ಆಡುವುದಿಲ್ಲವಂತೆ. ಗೋಡೆ ತಳ್ಳುವುದು, ಕೈ ಊರಿಕೊಂಡು ನಡೆಯುವುದು ಮಾಡಿಸಿದರು. ಮನೆಯಲ್ಲಿ ನಾವು ರೊಟ್ಟಿ ಹಿಟ್ಟು ನಾದಿಸಿದೆವು, ಒದ್ದೆ ಬಟ್ಟೆ ಹಿಂಡಿಸಿದೆವು. ಒಣಗಿದ ಕರಿಮೆಣಸನ್ನು ಒಂದೊಂದಾಗಿ ಹೆಕ್ಕಿ ಬಾಟಲಿಗೆ ಹಾಕುವುದು ಅವಳಿಗೆ ಇಷ್ಟವಾಯಿತು. (ಪುಟ್ಟ ಮಕ್ಕಳಾದರೆ ಪಕ್ಕದಲ್ಲೇ ಕೂತಿರಿ, ಮೂಗಿಗೆ ತೂರಿಸಿಕೊಳ್ಳುತ್ತಾರೆ.)

ಗುಂಡಿಗೆ ಒಂದು ಉಪಾಯ. ಗುಂಡಿಯನ್ನು ನೀವೇ ಮುಕ್ಕಾಲು ತೂರಿಸಿ ಕೊಡಿ, ಕೊನೆಗೆ ಎಳೆಯುವುದು ಮಾತ್ರ ಅವನ ಕೆಲಸ. ಅದು ಬಂದ ಮೇಲೆ ಅರ್ಧ ತೂರಿಸಿ ಬಿಡಿ. ಹೀಗೆ ಹಿಂದಿನಿಂದ ಕಲಿಸುತ್ತಾ ಬಂದರೆ ಕೆಲಸ ಮುಗಿಸಿದ ಖುಷಿ ಪ್ರತಿ ಸಲವೂ ಅವನಿಗೇ ಸಿಗುತ್ತದೆ. ಶುರುವಿಗೆ ದೊಡ್ಡ ಗುಂಡಿಯ ಅಂಗಿ ಇರಲಿ. ಬರೆಯಲು ಗಿಡ್ಡ ಪೆನ್ಸಿಲ್ ಕೊಡಿ, ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ.

ಸ್ವೆಟರ್ ಇಲ್ಲದೆ ನಮ್ಮ ಮಳೆಗಾಲ ಕಳೆಯುವುದು ಆಗದ ಮಾತು ಅಲ್ವಾ? ಲೇಬಲ್ ಕತ್ತರಿಸಿ. ಒಳಗೆ ಹತ್ತಿಯ ತುಂಬುತೋಳಿನ ಬನಿಯನ್ ಹಾಕಿ, ಹೊಲಿಗೆ ಹೊರಗೆ ಬರುವ ಹಾಗೆ. ಹಠ ಎಂದು ಬೈಯಬೇಡಿ. ಅಂಥ ಮಕ್ಕಳಿಗೆ ಉಣ್ಣೆ ನಿಜವಾಗಿಯೂ ಚುಚ್ಚುತ್ತದೆ.

ವಿರಾಜಪೇಟೆಯಿಂದ:
ಮಾವನ ವಿಷಯ ನಾನು ಹೇಳುತ್ತೇನೆ, ನಮ್ಮ ಅಪ್ಪನಿಗೂ ಸ್ಟ್ರೋಕ್ ಆಗಿತ್ತು. ಫಿಸಿಯೋದವರು ನಡೆಸಿದರು, ಒಟಿಯವರು ಉಣ್ಣುವುದು, ಉಡುವುದು, ಸ್ನಾನ ಕಲಿಸಿದರು. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಚಮಚದ ಹಿಡಿಗೆ ಫೋಮ್ ಸುತ್ತಿ ದಪ್ಪ ಮಾಡಿದೆವು. ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಬಚ್ಚಲಿನಲ್ಲಿ ಕೂರಲು ಸ್ಟೂಲು, ಗೋಡೆಗೆ ಹಿಡಿಕಂಬಿ. ಏಳಿಸುವಾಗ ಸೋತ ಕೈಯನ್ನು ಮಾತ್ರ ಯಾರೂ ಎಳೆಯಬಾರದು, ಭುಜದ ಕೀಲು ಜಾರುತ್ತದೆ. ನೋಡಲು ಬರುವ ನೆಂಟರಿಗೂ ಇದನ್ನು ಹೇಳಿಡಿ.

ಹೋಗುವ ಮುಂಚೆ ಮನೆಯ ಹೊಸ್ತಿಲು, ಮೆಟ್ಟಿಲು, ಬಚ್ಚಲು, ಮಂಚ ಎಲ್ಲದರ ವಿಡಿಯೋ ಮಾಡಿಕೊಳ್ಳಿ. ನಮ್ಮ ಕಡೆಯ ಹಳೇ ಮನೆಗಳ ಎತ್ತರದ ಮೆಟ್ಟಿಲು, ಅಂಗಳದ ಪಾಚಿ ಪೇಟೆಯ ಥೆರಪಿಸ್ಟಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟವಾಗಿದ್ದು ಅಮ್ಮನಿಗೆ. ಅಪ್ಪ ಅನ್ನ ಚೆಲ್ಲಿಕೊಂಡು ತಿನ್ನುವುದನ್ನು ನೋಡುತ್ತಾ ಸುಮ್ನೆ ಕೂರಬೇಕಿತ್ತು.

ಕುಶಾಲನಗರದಿಂದ:
ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿಯ ಜೊತೆಗೆ ಮಕ್ಕಳಿಗೆ ಒಟಿಯೂ ಇದೆ. ಅದಕ್ಕೂ ಮುಂಚೆ ಮಡಿಕೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಎಲ್ಲೇ ಹೋದರೂ ಥೆರಪಿಸ್ಟಿಗೆ ಬಿಒಟಿ (ಆಕ್ಯುಪೇಷನಲ್ ಥೆರಪಿಯ) ಪದವಿ ಇದೆಯಾ ಕೇಳಿ. ಮನೆಯಲ್ಲಿ ಮಾಡಿಸಬೇಕಾದ್ದನ್ನು ಬರೆಸಿಕೊಳ್ಳಿ, ಆಗ ಓಡಾಟ ಕಡಿಮೆಯಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚೂ ಅದರೊಳಗೆ ಬರುತ್ತದೆ. ಬರೀ ಗುಂಡಿ, ಬರವಣಿಗೆಯ ತೊಂದರೆಗೆ ಅದು ಸಿಗುವುದಿಲ್ಲ.

ಪೊನ್ನಂಪೇಟೆಯಿಂದ:
ಒಂದೇ ಮಾತು ಸೇರಿಸುತ್ತೇನೆ. ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಗುಂಡಿ ಕಲಿಸಲು ಹೋಗಬೇಡಿ. ಸಂಜೆ ಯೂನಿಫಾರ್ಮ್ ಬಿಚ್ಚುವಾಗ ಶುರು ಮಾಡಿ. ಹಾಕುವುದಕ್ಕಿಂತ ಬಿಚ್ಚುವುದು ಸುಲಭ, ಆಗ ಅವಸರವೂ ಇರುವುದಿಲ್ಲ.