ಗರ್ಭ ತೆಗೆಸೋಕೆ ಗಂಡನ ಸಹಿ ಬೇಕೇ ಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿ. ಎರಡು ಮಕ್ಕಳಿವೆ, ಈಗ ಮುಟ್ಟು ತಪ್ಪಿ ಮೂರು ವಾರ. ತೆಗೆಸೋಣ ಅಂತ ಹೋದರೆ 'ಗಂಡನ್ನ ಕರ್ಕೊಂಡು ಬನ್ನಿ, ಸಹಿ ಬೇಕು' ಅಂದರು. ಅವರು ಒಪ್ಪೋದಿಲ್ಲ. ತಿಳಿದವರು ಹೇಳಿ.

ವಕೀಲೆ, ಶಿವಮೊಗ್ಗ: ಬೇಡ. 18 ತುಂಬಿದ ಹೆಂಗಸಿಗೆ ಅವಳೊಬ್ಬಳ ಒಪ್ಪಿಗೆ ಸಾಕು, 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲೇ ಇದೆ. ಸಹಿ ಹಾಕಬೇಕಾದದ್ದು 'ಫಾರ್ಮ್ ಸಿ' ಎಂಬ ಒಪ್ಪಿಗೆ ಪತ್ರಕ್ಕೆ. ಅದರಲ್ಲಿ ಗಂಡನಿಗೆ ಜಾಗವಿಲ್ಲ. ಕಾನೂನಿನಲ್ಲಿಲ್ಲದ ಷರತ್ತು ಹಾಕಬಾರದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಆದರೂ ಕೇಳುತ್ತಾರೆ, ಗಂಡನ ಕಡೆಯವರು ಬಂದು ಗಲಾಟೆ ಮಾಡಿದರೆ ಎಂಬ ಹೆದರಿಕೆ. ಇನ್ನೊಂದು, ಕೇಳಿದ ಕೂಡಲೇ ಕೊಡಲೇಬೇಕೆಂದು ಈ ಕಾಯ್ದೆ ಹೇಳುವುದಿಲ್ಲ. 20 ವಾರದವರೆಗೆ ಒಬ್ಬ ವೈದ್ಯರು ಕಾರಣ ಬರೆಯಬೇಕು. ಕಾಂಡೋಮ್, ವಂಕಿ (ಕಾಪರ್-ಟಿ) ಕೈಕೊಟ್ಟದ್ದೂ ಕಾರಣವೇ. 2021ರ ತಿದ್ದುಪಡಿಯ ನಂತರ ಮದುವೆಯಾಗದವರಿಗೂ ಅನ್ವಯ. ನಿಮಗೂ ಅವು ಕೈಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ನರ್ಸ್, ಸಾಗರ: ಅಕ್ಕಾ, ಮೊದಲು ವಾರದ ಲೆಕ್ಕ ಸರಿಮಾಡಿಕೊಳ್ಳಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಬೇಕು. ನಿಮ್ಮ ಮೂರು ಆಗಲೇ ಏಳು. ಮಾತ್ರೆಯಲ್ಲಿ ಮುಗಿಸುವುದು ಒಂಬತ್ತರೊಳಗೆ. ಸಹಿ ಅಂತ ಅಲೆದರೆ ಆ ಎರಡು ವಾರ ಹಾಗೇ ಹೋಗುತ್ತೆ. ಮೆಡಿಕಲ್ಲಿಂದ ಗುಟ್ಟಾಗಿ ತರಿಸಬೇಡಿ. ಗರ್ಭ ನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಹಿಮೋಗ್ಲೋಬಿನ್ ನೋಡಿಸಿ, ರಕ್ತ ನೆಗೆಟಿವ್ ಗುಂಪಾದರೆ ಮೊದಲೇ ತಿಳಿಸಿ. ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್, ಹದಿನೈದನೇ ದಿನ ಮತ್ತೆ ತಪಾಸಣೆ. ರಕ್ತ ಹೋಗೋದು ಎರಡನೆಯದರ ನಂತರ. ಮಳೆಗಾಲದಲ್ಲಿ ಆ ದಿನ ಕಾಡೊಳಗಿನ ಮನೆಯಲ್ಲಿರಬೇಡಿ, ಪೇಟೆಯಲ್ಲಿ ಯಾರದಾದರೂ ಮನೆ ನೋಡಿಕೊಳ್ಳಿ. ಗಂಟೆಗೆ ಎರಡು ಪ್ಯಾಡಿನಂತೆ ಎರಡು ಗಂಟೆ ಪೂರ್ತಿ ನೆನೆದರೆ ಕಾಯಬೇಡಿ, 108.

ಆಶಾ ಕಾರ್ಯಕರ್ತೆ, ಹೊಸನಗರ: ತಾಯಿ ಕಾರ್ಡ್ ಮಾಡಿಸಿದೀರಾ? ಮಾಡಿಸಿದ್ದರೆ ನಿಮ್ಮ ಆಶಾ ವಿಚಾರಿಸಿಕೊಂಡು ಮನೆ ಬಾಗಿಲಿಗೇ ಬರ್ತಾರೆ, ಅತ್ತೆ ಎದುರು ಪೇಚಾಟ. ಮೊದಲೇ ಅವರೊಬ್ಬರ ಹತ್ತಿರ ಮಾತಾಡಿಬಿಡಿ.

ವಕೀಲೆ, ಶಿವಮೊಗ್ಗ: ಆಸ್ಪತ್ರೆಯಿಂದ ಸುದ್ದಿ ಹೊರಬೀಳಬಾರದು. ಫಾರ್ಮನ್ನು ಲಕೋಟೆಯಲ್ಲಿ ಸೀಲ್ ಮಾಡಿ 'ರಹಸ್ಯ' ಎಂದು ಬರೆದಿಡಬೇಕು. ಹೆಸರು ಬಿಟ್ಟುಕೊಟ್ಟರೆ ಒಂದು ವರ್ಷದವರೆಗೆ ಜೈಲು.

ನರ್ಸ್, ಸಾಗರ: 'ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡರೆ ಮಾತ್ರ ತೆಗೀತೀವಿ' ಅಂದರೆ ಅದೂ ಒಪ್ಪಬೇಕಿಲ್ಲ. ಸ್ಕ್ಯಾನಿಂಗ್ ಸೆಂಟರ್ ಬೋರ್ಡ್ ನೋಡಿ ಹೆದರಬೇಡಿ, ಅದು ಲಿಂಗ ಪತ್ತೆಯ ಬಗ್ಗೆ, 1994ರ ಬೇರೆಯೇ ಕಾಯ್ದೆ. ಆಸ್ಪತ್ರೆಯಲ್ಲಿ ಮತ್ತೆ ಗಂಡನ ಸಹಿ ಕೇಳಿದರೆ 'ಕಾರಣ ಬರೆದುಕೊಡಿ' ಅನ್ನಿ. ಬರೆಯಲು ಯಾರೂ ಮುಂದಾಗಲ್ಲ. ಅದಕ್ಕೂ ಜಗ್ಗದಿದ್ದರೆ ಜಗಳಕ್ಕೆ ದಿನ ಕಳೆಯದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಹೆರಿಗೆ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ದೂರು ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗೆ (ಡಿಎಚ್‌ಒ) ಕೊಡಬಹುದು.